ಪೆನ್‌ಡ್ರೈವ್ ಹಾಕುವ ಪೋರ್ಟೇ ಇಲ್ಲದ ಲ್ಯಾಪ್‌ಟಾಪ್ ಬಗ್ಗೆ ದೂರು

ಇಂದ: ನಿಮ್ಮ ಗ್ರಾಹಕ, ದಾವಣಗೆರೆ
ಇವರಿಗೆ: ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಹೊಸ ಲ್ಯಾಪ್‌ಟಾಪ್‌ನಲ್ಲಿ ಎರಡು ಟೈಪ್-ಸಿ ಬಿಟ್ಟು ಬೇರೆ ಪೋರ್ಟ್ ಇಲ್ಲದೆ ಆಗಿರುವ ತೊಂದರೆ

ಮಾನ್ಯರೇ,

ಮೂರು ತಿಂಗಳ ಹಿಂದೆ ಇಲ್ಲಿನ ನಿಮ್ಮ ಶೋರೂಮಿನಲ್ಲಿ 72,000 ರೂಪಾಯಿ ಕೊಟ್ಟು ನಿಮ್ಮ ತೆಳು ಲ್ಯಾಪ್‌ಟಾಪ್ ಕೊಂಡೆ. ಸ್ಕ್ರೀನ್ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ತೂಕವಂತೂ ಇಲ್ಲವೇ ಇಲ್ಲ. ನನ್ನ ತಕರಾರೆಲ್ಲ ಪೋರ್ಟುಗಳದ್ದು.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಸಣ್ಣ ಗುತ್ತಿಗೆದಾರರಿಗೆ ಜಿಎಸ್‌ಟಿ ಫೈಲ್ ಮಾಡಿಕೊಡುವುದು, ಟೆಂಡರ್ ಹಾಕಿಕೊಡುವುದು. ಕರ್ನಾಟಕ ಸರ್ಕಾರದ ಕೆಪಿಪಿಪಿ ಪೋರ್ಟಲ್‌ನಲ್ಲಿ ಟೆಂಡರ್ ಹಾಕಲು ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಪೆನ್‌ಡ್ರೈವ್ ತರಹದ ಒಂದು ಟೋಕನ್‌ನಲ್ಲಿ. ನಮ್ಮ ಗುತ್ತಿಗೆದಾರರು ಅದನ್ನು ಬೈಕಿನ ಕೀ ಗೊಂಚಲಿಗೆ ಸಿಕ್ಕಿಸಿಕೊಂಡು ಬರುತ್ತಾರೆ. ನನ್ನ ಟೇಬಲ್ ಮೇಲೆ ಇದುವರೆಗೆ ಬಂದ ಟೋಕನ್‌ಗಳೆಲ್ಲ ಹಳೇ ಚಪ್ಪಟೆ ಮೂತಿಯ ಯುಎಸ್‌ಬಿಯವೇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಮೂತಿಗೆ ಜಾಗವೇ ಇಲ್ಲ.

ಕೊಳ್ಳುವಾಗಲೇ ನೋಡಬೇಕಿತ್ತು ಅಲ್ವಾ ಎನ್ನುತ್ತೀರಿ. ನೋಡಿದೆ, ಕೇಳಿದೆ ಕೂಡ. "ಅದೆಲ್ಲ ಈಗ ಹಳೇದು ಸಾರ್, ಒಂದು ಓಟಿಜಿ ಹಾಕ್ಕೊಳ್ಳಿ, ಎಲ್ಲಾ ನಡೆಯುತ್ತೆ" ಎಂದು ಶೋರೂಮಿನ ಹುಡುಗ, ಟೈಪ್-ಸಿಗೆ ಸಿಕ್ಕಿಸಿ ಹಳೇ ಯುಎಸ್‌ಬಿ ಹಾಕುವ ಆ ಸಣ್ಣ ಅಡಾಪ್ಟರನ್ನೂ 350 ರೂಪಾಯಿಗೆ ಮಾರಿದ.

ಕಳೆದ ತಿಂಗಳು ಒಂದು ರಸ್ತೆ ಕೆಲಸದ ಟೆಂಡರ್. ಸಂಜೆ 4 ಗಂಟೆಗೆ ಕ್ಲೋಸ್. 3.35ಕ್ಕೆ ಸಹಿ ಹಾಕಲು ಕೂತೆ. ಓಟಿಜಿ ಸಡಿಲ, ಅದರ ತುದಿಯಲ್ಲಿ ಟೋಕನ್ ಜೋತಾಡುತ್ತಿದೆ, ಟೋಕನ್‌ನಿಂದ ಕೀ ಗೊಂಚಲು ಜೋತಾಡುತ್ತಿದೆ. ಕೈ ತಗುಲಿದರೆ ಸಾಕು, ಟೋಕನ್ ಸಿಗುತ್ತಿಲ್ಲ ಎಂಬ ಸಂದೇಶ. ಮತ್ತೆ ಸಿಕ್ಕಿಸು, ಮತ್ತೆ ಪಿನ್ ಹೊಡಿ. ಗಡಿಬಿಡಿಯಲ್ಲಿ ಎರಡು ಸಲ ಪಿನ್ ತಪ್ಪಾಯಿತು. ಹೀಗೇ ತಪ್ಪುತ್ತಾ ಹೋದರೆ ಟೋಕನ್ನೇ ಲಾಕ್ ಆಗುತ್ತದೆ. ಗುತ್ತಿಗೆದಾರರು ನನ್ನ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದರು. ಕೊನೆಗೆ ಬೀರುವಿನಲ್ಲಿದ್ದ ಎಂಟು ವರ್ಷದ ಹಳೇ ಲ್ಯಾಪ್‌ಟಾಪ್ ತೆಗೆದೆ. ಬ್ಯಾಟರಿ ಸತ್ತಿದೆ, ವೈರು ಹಾಕಿಯೇ ನಡೆಸಬೇಕು. 3.56ಕ್ಕೆ ಟೆಂಡರ್ ಸಲ್ಲಿಕೆಯಾಯಿತು. ಆ ಇಪ್ಪತ್ತು ನಿಮಿಷ ನನಗೆ ಬಿಪಿ ಎಷ್ಟಿತ್ತೋ ಗೊತ್ತಿಲ್ಲ.

ಇನ್ನೊಂದು ವಿಷಯ. ಎರಡು ಪೋರ್ಟೂ ನೋಡಲು ಒಂದೇ ತರಹ ಇವೆ, ಆದರೆ ಮಾನಿಟರ್‌ಗೆ ಚಿತ್ರ ಹೋಗುವುದು ಎಡಗಡೆಯದರಿಂದ ಮಾತ್ರ. ಇದು ನನಗೆ ತಿಳಿದದ್ದು ಒಂದು ಭಾನುವಾರವಿಡೀ ಕೇಬಲ್ ಬದಲಿಸಿ ಬದಲಿಸಿ ಸುಸ್ತಾದ ಮೇಲೆ. ಪೋರ್ಟಿನ ಪಕ್ಕದಲ್ಲಿ ಒಂದು ಸಣ್ಣ ಗುರುತು ಹಾಕಲು ನಿಮಗೇನು ಕಷ್ಟ? ಈಗ ಲೆಕ್ಕ ಹಾಕಿ: ಎಡಕ್ಕೆ ಮಾನಿಟರ್, ಬಲಕ್ಕೆ ಚಾರ್ಜರ್. ಟೋಕನ್ ಎಲ್ಲಿ ಹಾಕಲಿ? ನಿಮ್ಮ ಕಾಲ್ ಸೆಂಟರಿನವರು ಒಂದು ಪೋರ್ಟನ್ನು ಹಲವು ಪೋರ್ಟ್ ಮಾಡುವ 4,200 ರೂಪಾಯಿಯ ಹಬ್ ಕೊಳ್ಳಲು ಹೇಳಿದರು. ಲ್ಯಾಪ್‌ಟಾಪ್ ತೆಳ್ಳಗಾಯಿತು, ಬ್ಯಾಗ್ ದಪ್ಪಗಾಯಿತು.

ಟೈಪ್-ಸಿ ಬೇಡ ಎಂದು ನಾನು ಹೇಳುತ್ತಿಲ್ಲ. ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ ಚಾರ್ಜರ್ ಎಂದರೆ ಎಷ್ಟು ಅನುಕೂಲ! ಮಾನಿಟರ್ ಹಾಕುತ್ತಿದ್ದ, 1987ರಲ್ಲಿ ಬಂದ ವಿಜಿಎ ಪೋರ್ಟ್ ಹೋಯಿತು, ಡಿವಿಡಿ ಡ್ರೈವ್ ಹೋಯಿತು, ನಾನೇನೂ ಅಳಲಿಲ್ಲ. ಲ್ಯಾನ್ ಪೋರ್ಟ್ ನಿಜಕ್ಕೂ ದಪ್ಪ, ಅದನ್ನು ತೆಗೆದದ್ದೂ ಅರ್ಥವಾಗುತ್ತದೆ. ಆದರೆ ಚಪ್ಪಟೆ ಯುಎಸ್‌ಬಿಯ ಮೂತಿ ಸುಮಾರು 4.5 ಮಿಲಿಮೀಟರ್ ದಪ್ಪ. ನಿಮ್ಮ ಲ್ಯಾಪ್‌ಟಾಪ್ 15 ಮಿಲಿಮೀಟರ್ ಎಂದು ನೀವೇ ಡಬ್ಬದ ಮೇಲೆ ಹಾಕಿದ್ದೀರಿ. ಒಂದೇ ಒಂದು ಪೋರ್ಟಿಗೆ ಜಾಗ ಸಾಲಲಿಲ್ಲವೇ? ಯುರೋಪಿನ ಕಾನೂನು ಹಾಗಿದೆ ಎಂದೂ ನಿಮ್ಮವರು ಹೇಳಿದರು. ಯುರೋಪಿಯನ್ ಒಕ್ಕೂಟ ಹೇಳಿರುವುದು 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪ್‌ಗಳು ಟೈಪ್-ಸಿಯಲ್ಲಿ ಚಾರ್ಜ್ ಆಗಬೇಕು ಎಂದು. ಉಳಿದ ಪೋರ್ಟುಗಳನ್ನು ಕಿತ್ತುಹಾಕಿ ಎಂದಲ್ಲ. ಆಪಲ್‌ನವರೇ 2016ರಲ್ಲಿ ಮ್ಯಾಕ್‌ಬುಕ್ ಪ್ರೊದಿಂದ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಜಾಗ ಎರಡನ್ನೂ ತೆಗೆದು, 2021ರಲ್ಲಿ ವಾಪಸ್ ತಂದರು.

ರಿಪೇರಿಯವರನ್ನು ಕೇಳಿದಾಗ ಇನ್ನೂ ಭಯವಾಯಿತು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಚಾರ್ಜರ್‌ನ ದುಂಡನೆ ಪಿನ್ ಕೆಟ್ಟಾಗ ಅದೊಂದನ್ನೇ ಬದಲಿಸಿಕೊಟ್ಟಿದ್ದರು. ಇದರಲ್ಲಿ ಎರಡೂ ಪೋರ್ಟ್ ಮದರ್‌ಬೋರ್ಡಿಗೇ ಬೆಸುಗೆಯಾಗಿವೆಯಂತೆ. ಇರುವ ಎರಡಕ್ಕೇ ದಿನವಿಡೀ ಎಲ್ಲ ಸಿಕ್ಕಿಸಿ ಕಿತ್ತರೆ ಎಷ್ಟು ದಿನ ಬಾಳುತ್ತವೆ? ವಾರಂಟಿ ಇರುವುದು ಒಂದೇ ವರ್ಷ.

ಆದ್ದರಿಂದ ನನ್ನ ಕೇಳಿಕೆ ಇಷ್ಟು. ಒಂದೋ ಈ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು, ಹಳೇ ಯುಎಸ್‌ಬಿ ಇರುವ ನಿಮ್ಮದೇ ಬೇರೆ ಮಾಡೆಲ್ ಕೊಡಿ. ಬೆಲೆಯ ವ್ಯತ್ಯಾಸ ಇದ್ದರೆ ಕೊಡಲು ತಯಾರಿದ್ದೇನೆ. ಇಲ್ಲವೇ ಗಟ್ಟಿಯಾದ ಹಬ್ ಒಂದನ್ನು ನಿಮ್ಮ ಖರ್ಚಿನಲ್ಲಿ ಕಳಿಸಿ. ಯಾವ ಪೋರ್ಟ್ ಏನು ಮಾಡುತ್ತದೆ ಎಂಬುದನ್ನು ಇನ್ನು ಮುಂದಾದರೂ ಡಬ್ಬದ ಮೇಲೆ ದೊಡ್ಡದಾಗಿ ಬರೆಯಿರಿ. 15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬೇರೆಯವರ ಅರ್ಜಿ ತುಂಬಿಕೊಡುವುದೇ ನನ್ನ ಕಸುಬು, ನನ್ನದೊಂದು ತುಂಬುವುದು ಕಷ್ಟವಲ್ಲ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಕಾಲ್ ಸೆಂಟರಿನವರ ಇಮೇಲ್, ಓಟಿಜಿ ಅಲುಗಾಡುವ ವಿಡಿಯೊ. ವಿಡಿಯೊವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಕೊರಿಯರ್ ಮಾಡೋಣ ಎಂದಿದ್ದೆ. ನಿಮ್ಮ ಆಫೀಸಿನಲ್ಲೂ ಇದೇ ಲ್ಯಾಪ್‌ಟಾಪ್ ಇದ್ದರೆ ಸುಮ್ನೆ ತೊಂದರೆ ಎಂದು ಇಮೇಲ್‌ನಲ್ಲೇ ಕಳಿಸಿದ್ದೇನೆ.