ಅಪ್ಪಾ, ಕಾರನ್ನು ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಬೇಡ

ಸ್ಟುಟ್‌ಗಾರ್ಟ್, ನವೆಂಬರ್ 9

ಅಪ್ಪಾ, ಅವ್ವಾ,

ಇಬ್ಬರಿಗೂ ನಮಸ್ಕಾರ. ನಾನು ಆರಾಮಾಗಿದ್ದೇನೆ. ಇಲ್ಲಿ ಈಗ ಸಂಜೆ ಐದಕ್ಕೇ ಕತ್ತಲು. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ತಳ ಕಂಡಿದೆ, ಬ್ರೆಡ್ಡಿಗೂ ಹಚ್ಚಿಕೊಂಡು ತಿಂದರೆ ಇನ್ನೇನಾಗುತ್ತದೆ ಹೇಳಿ.

ಈ ಪತ್ರ ಪುಣೆಯ ಕಾರಿನ ವಿಷಯಕ್ಕೆ. ಫೋನಿನಲ್ಲಿ ಹೇಳಿದರೆ ಅಪ್ಪ ಅರ್ಧಕ್ಕೇ "ಗೊತ್ತೈತಿ ಬಿಡವಾ" ಅಂತಾರೆ. ವಾಟ್ಸಾಪಿನಲ್ಲಿ ಬರೆದರೆ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಎಲ್ಲೋ ಹೂತುಹೋಗುತ್ತದೆ. ಅದಕ್ಕೇ ತಮ್ಮನಿಗೆ ಮೇಲ್ ಮಾಡಿದ್ದೇನೆ, ಪ್ರಿಂಟ್ ತೆಗೆದು ಕೊಡುತ್ತಾನೆ. ಬುಧವಾರ ಧಾರವಾಡದಿಂದ ಹೊರಡುವಾಗ ಚೀಲದಲ್ಲಿ ಇಟ್ಟುಕೊಳ್ಳಿ. ನಿಮ್ಮ ಮಲ್ಟಿಮೀಟರೂ ಜೊತೆಗಿರಲಿ, ಕೆಲಸಕ್ಕೆ ಬರುತ್ತದೆ.

ಹೋದ ಭಾನುವಾರ ನಮ್ಮ ಸೊಸೈಟಿಯ ಮೂರನೇ ಮಹಡಿಯ ಕಾಕಾ ಪುಣೆಯ ವಾಕಡ್‌ನಿಂದ ವಿಡಿಯೊ ಕಾಲ್ ಮಾಡಿದ್ದರು. "ನಿನ್ನ ಗಾಡಿ ಯಾಕೋ ಮಾತಾಡವಲ್ದು ನೋಡವಾ" ಅಂದರು. ಅವರು ವಿಜಯಪುರ ಬಿಟ್ಟು ಎಷ್ಟು ವರ್ಷವಾಯಿತೋ, ಮಾತು ಮಾತ್ರ ಹಾಗೇ ಇದೆ. ಫೋನನ್ನು ಸ್ಟೇರಿಂಗಿಗೆ ಒರಗಿಸಿಟ್ಟು ಕೀ ತಿರುಗಿಸಿದರು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹಳೇ ಜೀರೋ ಬಲ್ಬಿನ ಹಾಗೆ ಮಂಕಾಗಿ ಹತ್ತಿದವು. ಇನ್ನೊಂದು ಸುತ್ತು ತಿರುಗಿಸಿದರೆ ಟಕ್ ಟಕ್ ಟಕ್ ಟಕ್, ಅಷ್ಟೇ. ಇಂಜಿನ್ ಅಲ್ಲಾಡಲಿಲ್ಲ. ಅದು ಏನು ಸದ್ದು ಅಂತ ನಿಮಗೆ ಹೇಳಬೇಕಾಗಿಲ್ಲ ಅಪ್ಪಾ. ವೋಲ್ಟೇಜ್ ಕಡಿಮೆ ಇದ್ದಾಗ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಬಡಕೊಳ್ಳುತ್ತದಲ್ಲ, ಇಲ್ಲೂ ಅದೇ ಕಥೆ. ಬ್ಯಾಟರಿ ಪೂರ್ತಿ ಇಳಿದಿದೆ.

ಕಾಕಾ ಪಾಪ ಬಹಳ ಬೇಜಾರು ಮಾಡಿಕೊಂಡರು. "ಒಂದ್ ವಾರನೂ ತಪ್ಪಿಸಿಲ್ಲವಾ, ಪ್ರತಿ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಟ್ಟೀನಿ" ಅಂದರು. ನಿಜವೇ. ಸಮಸ್ಯೆ ಇರುವುದೂ ಅಲ್ಲೇ. ಆಗಸ್ಟಿನಲ್ಲಿ ನಾನು ಹೊರಡುವಾಗ "ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಸು, ಬ್ಯಾಟರಿಗೆ ಏನೂ ಆಗಲ್ಲ" ಅಂತ ಹೇಳಿದ್ದು ಯಾರು? ನೀವೇ. ಹೂಂ ಅಂದಿದ್ದು ನಾನು. ಹಾಗಾಗಿ ತಪ್ಪು ನಮ್ಮಿಬ್ಬರದು, ಕಾಕಾನದಲ್ಲ.

ನೀವು ಮೂವತ್ತು ವರ್ಷ ಕೆಇಬಿಯಲ್ಲಿ ಇದ್ದವರು, ಲೆಕ್ಕ ಇಲ್ಲದೆ ಒಪ್ಪುವವರಲ್ಲ. ಲೆಕ್ಕ ಹೀಗಿದೆ. ನಮ್ಮ ಗಾಡಿಯದು 35 ಆಂಪಿಯರ್ ಅವರ್ ಬ್ಯಾಟರಿ, ಅಂದರೆ ಒಂದು ಆಂಪಿಯರಿನಂತೆ 35 ಗಂಟೆ ಕೊಡುವಷ್ಟು. ಕೀ ತೆಗೆದು ಲಾಕ್ ಮಾಡಿದರೂ ಗಾಡಿ ಪೂರ್ತಿ ಮಲಗುವುದಿಲ್ಲ. ಗಡಿಯಾರ ಓಡುತ್ತಿರುತ್ತದೆ, ರಿಮೋಟ್ ಕೀ ಯಾವಾಗ ಕರೆಯುತ್ತದೋ ಅಂತ ಸೆಂಟ್ರಲ್ ಲಾಕ್ ಕಿವಿ ತೆರೆದು ಕೂತಿರುತ್ತದೆ, ಅಲಾರಂ ಇದೆ, ಒಳಗಿನ ಕಂಪ್ಯೂಟರಿನ ನೆನಪು ಉಳಿಯಬೇಕು. ಎಲ್ಲ ಸೇರಿ 20ರಿಂದ 50 ಮಿಲಿ ಆಂಪಿಯರ್ ಎಳೆಯುವುದು ಸಾಮಾನ್ಯ. ನಮ್ಮದು 30 ಅಂತ ಹಿಡಿಯಿರಿ. ದಿನಕ್ಕೆ 0.72, ವಾರಕ್ಕೆ 5 ಆಂಪಿಯರ್ ಅವರ್ ಖರ್ಚಾಯಿತು. ಇನ್ನು ಜಮೆ ಎಷ್ಟು? ಹತ್ತು ನಿಮಿಷ ನಿಂತಲ್ಲೇ ಓಡಿದ ಇಂಜಿನ್ನಿನಿಂದ ಬ್ಯಾಟರಿಗೆ 10 ಆಂಪಿಯರ್ ಹೋಯಿತು ಅಂದರೂ 1.7ರ ಮೇಲೆ ಸೇರುವುದಿಲ್ಲ. ಅಂದರೆ ವಾರ ವಾರ 3ಕ್ಕಿಂತ ಜಾಸ್ತಿ ಸಾಲ. ಹನ್ನೊಂದು ವಾರಕ್ಕೆ ಬ್ಯಾಟರಿ ಖಾಲಿ. ನೋಡಿ, ಹೆಚ್ಚುಕಡಿಮೆ ಕಾಕಾ ಫೋನ್ ಮಾಡಿದ ದಿನಕ್ಕೇ ಕೂಡಿಬಂತು.

ಅದರ ಮೇಲೆ ಕಾಕಾ ಬೇಸ್‌ಮೆಂಟಿನಲ್ಲಿ ಕತ್ತಲು ಅಂತ ಹೆಡ್‌ಲೈಟ್ ಹಾಕುತ್ತಿದ್ದರಂತೆ. ಎರಡು ಬಲ್ಬಿಗೇ 8 ಆಂಪಿಯರ್ ಬೇಕು. "ಎ.ಸಿ.ನೂ ಹಾಕತಿದ್ದೆ, ಗ್ಯಾಸ್ ಕೂತು ಹೋಗಬಾರದಲ್ಲ" ಅಂದರು. ಹಾಡು ಬೇರೆ. ಹತ್ತು ನಿಮಿಷ ತಣ್ಣಗೆ ಕೂತು ದಾಸರ ಪದ ಕೇಳಿ ಮೇಲೆ ಹೋಗುತ್ತಿದ್ದರು ಅಂತ ಕಾಕೂ ಹಿಂದಿನಿಂದ ಕೂಗಿ ಹೇಳಿದರು. ನನಗಂತೂ ನಗು ತಡೆಯಲಾಗಲಿಲ್ಲ. ಅಷ್ಟು ಹೊತ್ತಿನಲ್ಲಿ ಇಂಜಿನ್ ಸರಿಯಾಗಿ ಕಾಯುವುದೂ ಇಲ್ಲ, ಸೈಲೆನ್ಸರಿನೊಳಗೆ ನೀರು ನಿಂತು ತುಕ್ಕಿಗೆ ದಾರಿ ಆಗುತ್ತದೆ. ಇದ್ದ ಕಡೆಯೇ ಸ್ಟಾರ್ಟ್ ಮಾಡಿ ಆಫ್ ಮಾಡುವುದಕ್ಕಿಂತ ಮುಟ್ಟದೇ ಬಿಡುವುದು ವಾಸಿ.

2020ರ ಲಾಕ್‌ಡೌನ್ ನೆನಪಿದೆಯಾ? ಮಾರ್ಚ್ 25ಕ್ಕೆ ಎಲ್ಲ ಬಂದ್ ಆಯಿತು. ಆಗ ನನ್ನ ಹತ್ತಿರ ಕಾರಿರಲಿಲ್ಲ, ಸ್ಕೂಟರ್ ಅಷ್ಟೇ. ಗೇಟು ತೆರೆದ ಮೇಲೆ ನಮ್ಮ ಸೊಸೈಟಿಯಲ್ಲಿ ಸಾಲಾಗಿ ಗಾಡಿಗಳು ಟಕ್ ಟಕ್ ಅನ್ನುತ್ತಿದ್ದವು. ಮೆಕ್ಯಾನಿಕ್ ಹುಡುಗ ಒಂದು ಬ್ಯಾಟರಿ, ಎರಡು ವೈರು ಹಿಡಿದು ಕಾರಿನಿಂದ ಕಾರಿಗೆ ಓಡಾಡುತ್ತಿದ್ದ. ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ತಮಾಷೆ ನೋಡಿದ್ದೆ. ಈಗ ನನ್ನ ಸರದಿ.

ಈಗ ಏನು ಮಾಡಬೇಕು ಅಂದರೆ, ಮೊದಲು ಕಾಕಾನಿಗೆ ಇನ್ನು ಕೀ ತಿರುಗಿಸಬೇಡಿ ಅಂತ ಹೇಳಿದ್ದೇನೆ. ವಾಚ್‌ಮನ್ ಮತ್ತು ಅವರು ಸೇರಿ ಧಕ್ಕಾ ಹೊಡೆಯೋಣ ಅಂತಿದ್ದರು. ಬೇಸ್‌ಮೆಂಟಿನಿಂದ ಮೇಲಕ್ಕೆ ಏರು, ಇಬ್ಬರ ಸೊಂಟವೂ ಹೋಗುತ್ತದೆ! ಮತ್ತು ಇಷ್ಟು ಇಳಿದ ಬ್ಯಾಟರಿಯಲ್ಲಿ ಇಂಜಿನ್ನಿಗೆ ಪೆಟ್ರೋಲ್ ಕೊಡುವ ಪಂಪೇ ಸರಿಯಾಗಿ ಓಡುವುದಿಲ್ಲ, ಎಷ್ಟು ತಳ್ಳಿದರೂ ವ್ಯರ್ಥ. ಪಕ್ಕದ ಗಾಡಿಯಿಂದ ಜಂಪ್ ಕೊಡಿಸಬಹುದು, ಆದರೆ ಖಾಲಿ ಬ್ಯಾಟರಿಯನ್ನು ಆಲ್ಟರ್ನೇಟರಿನಿಂದ, ಅಂದರೆ ಇಂಜಿನ್ ತಿರುಗಿಸುವ ಜನರೇಟರಿನಿಂದ, ತುಂಬಿಸಲು ಗಂಟೆಗಟ್ಟಲೆ ಓಡಿಸಬೇಕು. ಅದರ ಬದಲು ಬ್ಯಾಟರಿ ಬಿಚ್ಚಿ, ಮುಖ್ಯ ರಸ್ತೆಯಲ್ಲಿರುವ ಬ್ಯಾಟರಿ ಅಂಗಡಿಯಲ್ಲಿ ಚಾರ್ಜಿಂಗ್‌ಗೆ ಕೊಡಿ. ಎರಡು ಗಂಟೆಯಲ್ಲಿ ಕೊಡುತ್ತೇನೆ ಅಂದರೆ ಬೇಡ ಅನ್ನಿ. 3, 3.5 ಆಂಪಿಯರಿನಲ್ಲಿ ನಿಧಾನಕ್ಕೆ ರಾತ್ರಿಯಿಡೀ ಇರಲಿ. ಭಾರ ಇದೆ, ನೀವೇ ಎತ್ತಬೇಡಿ, ಅಂಗಡಿ ಹುಡುಗ ಬಂದು ಒಯ್ಯುತ್ತಾನೆ. ತಡ ಮಾಡುವುದೂ ಬೇಡ. ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಹಳೇ ಜೋನಿ ಬೆಲ್ಲದ ತಳದಲ್ಲಿ ಹರಳು ಕಟ್ಟುತ್ತದಲ್ಲ, ಹಾಗೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಹಿಡಿಯುವುದಿಲ್ಲ.

ಚಾರ್ಜ್ ಆಗಿ ಬಂದ ಮೇಲೆ ಒಂದು ರಾತ್ರಿ ಸುಮ್ನೆ ಬಿಟ್ಟು ಬೆಳಿಗ್ಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. ಒಂದೇ ರಾತ್ರಿಗೆ ಅರ್ಧಕ್ಕೆ ಇಳಿದಿದ್ದರೆ ಆ ಬ್ಯಾಟರಿಯ ಆಸೆ ಬಿಡಿ, ಹೊಸದು ಹಾಕಿಸೋಣ. ಮೂರು ವರ್ಷ ಆಗಿದೆ, ನಮ್ಮ ಕಡೆಯ ಸೆಕೆಗೆ ಅಷ್ಟು ಬಾಳಿದ್ದು ಕಡಿಮೆಯೇನಲ್ಲ. ಗಾಡಿಗೆ ಹಾಕಿ ಇಂಜಿನ್ ಓಡುವಾಗಲೂ ಒಮ್ಮೆ ನೋಡಿ, 13.8ರಿಂದ 14.4ರ ನಡುವೆ ತೋರಿಸಿದರೆ ಆಲ್ಟರ್ನೇಟರ್ ಸರಿಯಿದೆ. ನನ್ನ ಆ 30 ಮಿಲಿ ಆಂಪಿಯರ್ ಸುಳ್ಳೋ ನಿಜವೋ ಅಂತ ನೋಡುವ ಆಸೆ ನಿಮಗೆ ಬಂದೇ ಬರುತ್ತದೆ, ಗೊತ್ತು. ನೆಗೆಟಿವ್ ವೈರಿನ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಿರಿ. ಅಷ್ಟು ಹೊತ್ತು ಕಂಪ್ಯೂಟರ್ ಎಚ್ಚರ ಇರುತ್ತದೆ, ಮೊದಲು ಜಾಸ್ತಿ ತೋರಿಸುತ್ತದೆ. ಮೀಟರ್ ಹಾಗೇ ಇರುವಾಗ ಕೀ ಮಾತ್ರ ತಿರುಗಿಸಬೇಡಿ, ಫ್ಯೂಸ್ ಹೋಗುತ್ತದೆ. 100 ಮಿಲಿ ಆಂಪಿಯರ್ ದಾಟಿ ನಿಂತರೆ ಏನೋ ಕಳ್ಳ ಇದೆ ಅಂತ ಅರ್ಥ. ಡಿಕ್ಕಿಯ ದೀಪ ಹತ್ತಿಯೇ ಇದೆಯಾ, ಚಾರ್ಜರ್ ಸಿಕ್ಕಿಸಿ ಬಿಟ್ಟಿದ್ದೇನಾ ನೋಡಿ. ಗಾಜಿನ ಮೇಲಿನ ಫಾಸ್ಟ್‌ಟ್ಯಾಗ್ ಕಿತ್ತುಬಿಡಬೇಡಿ ಮತ್ತೆ, ಅದಕ್ಕೆ ಕರೆಂಟೇ ಬೇಡ.

ನೀವು ಪುಣೆಯಲ್ಲಿ ಇರುವ ಎರಡು ವಾರ ಗಾಡಿ ಓಡಿಸಿ. ಹಿಂಜವಡಿ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತದ್ದು ಲೆಕ್ಕಕ್ಕೆ ಬರುವುದಿಲ್ಲ. ಅವ್ವನನ್ನು ದೇಹೂಗೆ ಕರೆದುಕೊಂಡು ಹೋಗಿ ಬನ್ನಿ, ಹೋಗಲು ಒಂದಿಷ್ಟು, ಬರಲು ಒಂದಿಷ್ಟು, ಬ್ಯಾಟರಿಗೂ ಒಳ್ಳೆಯದು, ತುಕಾರಾಮರ ದರ್ಶನವೂ ಆಯಿತು. ಆಳಂದಿ ಈಗ ಬೇಡ, ಕಾರ್ತಿಕ ಯಾತ್ರೆಯ ಗದ್ದಲ ಇರುತ್ತದೆ.

ವಾಪಸ್ ಧಾರವಾಡಕ್ಕೆ ಹೊರಡುವ ದಿನ ಬ್ಯಾಟರಿಯ ನೆಗೆಟಿವ್ ಬಿಚ್ಚಿಬಿಡಿ. ಇದೇ ಮುಖ್ಯ. ಹತ್ತನೇ ನಂಬರ್ ಪಾನಾ ಅಡುಗೆಮನೆಯ ಎರಡನೇ ಡ್ರಾದಲ್ಲಿ, ಲಟ್ಟಣಿಗೆ ಪಕ್ಕದಲ್ಲಿದೆ. ಕಪ್ಪು ವೈರು ಮೊದಲು, ಅದೊಂದೇ ಸಾಕು. ಕೆಂಪು ಕಡೆಯಿಂದ ಶುರು ಮಾಡಿ ಪಾನಾ ಬಾಡಿಗೆ ತಾಗಿದರೆ ಕಿಡಿ ಏಳುತ್ತದೆ, ನಿಮಗೆ ಗೊತ್ತಿದ್ದದ್ದೇ, ಆದರೂ ಕಾಕಾ ಎದುರಿಗೆ ನಿಂತು ಬಡಬಡ ಅಂತ ಸಲಹೆ ಕೊಡುತ್ತಿರುತ್ತಾರೆ, ಅದಕ್ಕೆ ಬರೆದೆ. ಬಿಚ್ಚಿದ ತುದಿಗೆ ಹಳೇ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ, ಮತ್ತೆ ಬಂದು ಮುಟ್ಟಬಾರದು. ಟರ್ಮಿನಲ್ ಮೇಲೆ ಬಿಳಿ, ಹಸಿರು ಬೂಷ್ಟು ಕೂತಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ಉಜ್ಜಿ, ಒರೆಸಿ, ವ್ಯಾಸಲೀನ್ ಹಚ್ಚಿ. ಆಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ, ಗಾಬರಿ ಆಗಬೇಡಿ, ಕೀ ಹಾಕಿ ಬಾಗಿಲು ಲಾಕ್ ಮಾಡಿ. ಗಡಿಯಾರ, ರೇಡಿಯೊ ಸ್ಟೇಷನ್ ಅಳಿಸಿಹೋಗುತ್ತವೆ, ಹೋಗಲಿ. ವೈರು ಬಿಚ್ಚಿದ ಮೇಲೂ ಬ್ಯಾಟರಿ ತಾನಾಗಿ ತಿಂಗಳಿಗೆ ಶೇಕಡಾ ಮೂರೋ ಐದೋ ಇಳಿಯುತ್ತದೆ, ಸೆಕೆ ಇದ್ದರೆ ಇನ್ನಷ್ಟು. ಮಾರ್ಚ್ ಕೊನೆಗೆ ನಾನು ಬರುವವರೆಗೆ ಧಾರಾಳವಾಗಿ ಸಾಕು.

ಇಲ್ಲಿ ನನ್ನ ಮನೆ ಮಾಲೀಕ ಅಜ್ಜ ಚಳಿಗಾಲಕ್ಕೆ ಬೈಕ್ ನಿಲ್ಲಿಸಿ, ಅಂಗೈ ಅಗಲದ ಒಂದು ಚಾರ್ಜರ್ ಸಿಕ್ಕಿಸಿ ಬಿಟ್ಟಿದ್ದಾನೆ. ತುಂಬಿದ ಮೇಲೆ ತಾನೇ ನಿಂತು, ಇಳಿದಂತೆ ಚೂರು ಚೂರು ಕೊಡುತ್ತದೆ. ಇಲ್ಲಿಯ ವಾಹನ ಸಂಘ ಎಡಿಎಸಿ ವರ್ಷ ವರ್ಷ ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಗಳ ಲೆಕ್ಕ ಹಾಕುತ್ತದೆ, ಅದರಲ್ಲಿ ಶೇಕಡಾ 40ಕ್ಕೂ ಜಾಸ್ತಿ ಬ್ಯಾಟರಿಯದೇ ತಕರಾರು. ಹಾಗಾಗಿ ನಾವೊಬ್ಬರೇ ದಡ್ಡರಲ್ಲ. ಆ ಚಾರ್ಜರ್ ನಮಗೂ ಒಂದು ತರೋಣ ಅಂದುಕೊಂಡೆ, ಆದರೆ ನಮ್ಮ ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟ್ ಎಲ್ಲಿದೆ? ತಮ್ಮ ಹೇಳಿದ ಸೋಲಾರ್ ಪ್ಲೇಟು ಆ ಕತ್ತಲಲ್ಲಿ ಏನು ಮಾಡೀತು. ನಮಗೆ ಪಾನಾನೇ ಗತಿ.

ಇನ್ನೊಂದು. ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ತಿಂಗಳುಗಟ್ಟಲೆ ಹಾಗಿದ್ದರೆ ಹಿಡಿದುಕೊಳ್ಳುತ್ತದೆ. ಫಸ್ಟ್ ಗೇರಿನಲ್ಲಿಟ್ಟು ಚಕ್ರಕ್ಕೆ ಇಟ್ಟಿಗೆ ಕೊಡಿ, ಎರಡು ಇಟ್ಟಿಗೆ ಕಂಬದ ಹಿಂದೆ ಇವೆ. ಟೈರಿಗೆ ಗಾಳಿ ತುಂಬಿಸಿ ಬಿಡಿ.

ಕಾಕಾನಿಗೆ ಅವರಿಂದಲೇ ಹೀಗಾಯಿತು ಅಂತ ಹೇಳಬೇಡಿ. ಬ್ಯಾಟರಿ ಹಳೇದಾಗಿತ್ತು ಅನ್ನಿ. ಅವರಿಗೆ ಒಂದು ಕಿಲೋ ಪೇಡೆ ಒಯ್ಯಿರಿ, ಕಾಕೂಗೆ ಸಕ್ಕರೆ ಇದೆ, ಅವರಿಗೆ ಅವ್ವನ ಕೈಯ ಗುರೆಳ್ಳು ಪುಡಿ ಸಾಕು. ಇನ್ನು ಮೇಲೆ ಭಾನುವಾರ ಕೆಳಗೆ ಹೋಗುವ ಕೆಲಸ ಇಲ್ಲ ಅಂದರೆ ಅವರಿಗೆ ಬೇಜಾರಾಗಬಹುದು. ಆ ಹತ್ತು ನಿಮಿಷ ಅವರಿಗೆ ಮನೆಯಿಂದ ಹೊರಗೆ ಕೂರುವ ನೆಪವೂ ಆಗಿತ್ತು. ಕೀ ಅವರ ಹತ್ತಿರವೇ ಇರಲಿ ಬಿಡಿ, ಇಲಿ ವೈರು ಕಡಿದಿದೆಯಾ ಅಂತ ಆಗಾಗ ಬಾನೆಟ್ ತೆಗೆದು ನೋಡಲಿ, ಸೀಟಿನಲ್ಲಿ ಕೂತು ಹಾಡು ಕೇಳುವುದಿದ್ದರೆ ಫೋನಿನಲ್ಲಿ ಕೇಳಲಿ.

ನೆಗೆಟಿವ್ ಬಿಚ್ಚಿದ ಮೇಲೆ ಒಂದು ಫೋಟೊ ಕಳಿಸಿ, ಬಟ್ಟೆ ಸುತ್ತಿದ್ದು ಕಾಣುವ ಹಾಗೆ.

ನಿಮ್ಮ ಮಗಳು