ಎಮಿಷನ್ ಟೆಸ್ಟಿಗೆ ಮೊದಲು ನಿಮ್ಮ ಕಾರನ್ನು ಓಡಿಸುತ್ತೇವೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಚಿಕ್ಕಮಗಳೂರಿನ ಗ್ಯಾರೇಜಿನಲ್ಲಿ ತಣ್ಣಗಿರುವ ಪೆಟ್ರೋಲ್ ಕಾರಿಗೆ ಎಮಿಷನ್ ಟೆಸ್ಟ್ ಮಾಡುವುದಿಲ್ಲ. ರಾತ್ರಿ ನಮ್ಮಲ್ಲೇ ಬಿಟ್ಟುಹೋದ ಕಾರಾದರೆ, ನಮ್ಮ ಹುಡುಗರು ಬೆಳಿಗ್ಗೆ 15 ನಿಮಿಷ ರಸ್ತೆಯಲ್ಲಿ ಓಡಿಸಿಕೊಂಡು ಬಂದು ಆಮೇಲೆ ಟೆಸ್ಟಿಗೆ ನಿಲ್ಲಿಸುತ್ತಾರೆ. ನೀವೇ ತರುವುದಾದರೆ ಅಷ್ಟು ಹೊತ್ತು ಓಡಿಸಿಕೊಂಡೇ ಬನ್ನಿ. ಇದಕ್ಕೆ ಹೆಚ್ಚಿನ ಹಣ ಇಲ್ಲ, ಸರ್ಟಿಫಿಕೇಟ್ ಕೈಗೆ ಸಿಗುವುದು ಮಾತ್ರ ಸ್ವಲ್ಪ ತಡವಾಗುತ್ತದೆ.

ಯಾಕೆ ಹೀಗೆ ಅಂತ ಹೇಳಬೇಕಲ್ವಾ? ಹೊಗೆ ಪೈಪಿನ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಒಳಗೆ ಜೇನುಗೂಡಿನಂಥ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ. ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್‌ಗಳು, ಈ ಮೂರನ್ನೂ ಅದು ತಗ್ಗಿಸುತ್ತದೆ. ಆದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಕಾವು ಬರುವವರೆಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಅದೇ ಹೊತ್ತಿನಲ್ಲಿ ತಣ್ಣನೆಯ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಹಾಗಾಗಿ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೂಡ ಬಿಸಿಯಾಗುವವರೆಗೆ ಸರಿಯಾದ ಲೆಕ್ಕ ಕೊಡುವುದಿಲ್ಲ. ವಿಷ ಜಾಸ್ತಿ ಹುಟ್ಟುವಾಗಲೇ ಅದನ್ನು ತಡೆಯುವ ಸಾಧನ ಸುಮ್ಮನಿರುತ್ತದೆ. ಸಣ್ಣ ಓಡಾಟದಲ್ಲಿ ಹೊರಬರುವ ವಿಷದ ಬಹುಪಾಲು ಮೊದಲ ಒಂದೆರಡು ನಿಮಿಷದ್ದೇ.

ಬಿಎಸ್-4, ಬಿಎಸ್-6 (ಸರ್ಕಾರದ ಹೊಗೆ ನಿಯಮದ ಹಂತಗಳು) ಪೆಟ್ರೋಲ್ ಕಾರುಗಳಿಗೆ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 0.3. ನಮ್ಮೂರಿನ ಡಿಸೆಂಬರ್ ಚಳಿಯಲ್ಲಿ ರಾತ್ರಿಯಿಡೀ ನಿಂತ ಕಾರಿಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊಗೆ ಅಳೆಯುವ ಪ್ರೋಬ್ ಹಾಕಿದರೆ, ಚೆನ್ನಾಗಿರುವ ಕಾರೂ ಫೇಲ್ ಆಗಬಹುದು. ಆಮೇಲೆ ಬೇಡದ ಸೆನ್ಸರ್‌ಗೆ, ಪ್ಲಗ್‌ಗೆ ನೀವು ದುಡ್ಡು ಹಾಕುವುದು ನಮಗೆ ಇಷ್ಟವಿಲ್ಲ.

ನಿಂತಲ್ಲೇ ಬಿಸಿ ಮಾಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಐಡಲ್‌ನಲ್ಲಿ ಹೊಗೆಯ ಕಾವು ಕಡಿಮೆ, ಕನ್ವರ್ಟರ್ ಬಿಸಿಯಾಗಲು ತುಂಬ ಹೊತ್ತು ಬೇಕು. ಮನೆಯಲ್ಲೂ ಅಷ್ಟೇ. ಕಾರು ಸ್ಟಾರ್ಟ್ ಮಾಡಿ ಅಂಗಳದಲ್ಲಿ ಬಿಟ್ಟು ಒಳಗೆ ಹೋಗಬೇಡಿ. ಅರ್ಧ ನಿಮಿಷ ಬಿಟ್ಟು ನಿಧಾನವಾಗಿ ಹೊರಡಿ, ರೇಸ್ ಕೊಡಬೇಡಿ. ಮುಚ್ಚಿದ ಶೆಡ್ಡಿನಲ್ಲಂತೂ ಎಂಜಿನ್ ಓಡಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.

ಬ್ಯಾಟರಿ ಇಳಿದ ಕಾರನ್ನು ಮತ್ತೆ ಮತ್ತೆ ತಳ್ಳಿ ಸ್ಟಾರ್ಟ್ ಮಾಡುವುದನ್ನೂ ಬಿಡಿ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲೇ ಉರಿದು, ಒಳಗಿನ ಸೆರಾಮಿಕ್ ಕರಗಬಹುದು. ಎಂಜಿನ್ ಲೈಟ್ ಮಿನುಗುತ್ತಿದ್ದರೂ ಇದೇ ಅಪಾಯ. ಕಾರು ನಿಲ್ಲಿಸಿ ನಮಗೆ ಫೋನ್ ಮಾಡಿ.

ಕನ್ವರ್ಟರ್ ತೆಗೆದು ಖಾಲಿ ಪೈಪ್ ಹಾಕಿಕೊಡಿ ಎಂದು ಕೇಳುವವರೂ ಇದ್ದಾರೆ. ಆ ಕೆಲಸ ನಾವು ಮಾಡುವುದಿಲ್ಲ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸ ಇದನ್ನು ಹಾಳುಮಾಡುತ್ತದೆ, ಹಾಗಾಗಿ ಸೀಸವಿಲ್ಲದ ಪೆಟ್ರೋಲ್ ಬೇಕಾಯಿತು. 2000ದ ಹೊತ್ತಿಗೆ ಅದು ದೇಶಕ್ಕೆಲ್ಲ ಬಂತು. ನಮ್ಮ ಮಕ್ಕಳ ಉಸಿರಿಗಾಗಿ ಬಂದ ವಸ್ತುವನ್ನು ನಮ್ಮ ಕೈಯಾರೆ ಕಿತ್ತುಹಾಕಲಾರೆವು.

ಡೀಸೆಲ್ ಗಾಡಿಗಳ ಹೊಗೆ ಪರೀಕ್ಷೆ ಬೇರೆ ಬಗೆಯದು. ಅವುಗಳ ಕ್ರಮ ಮೊದಲಿನಂತೆಯೇ ಇರುತ್ತದೆ. ಪೆಟ್ರೋಲ್ ಕಾರಿನವರು ಬರುವ ಹಿಂದಿನ ದಿನ ಒಂದು ಫೋನ್ ಮಾಡಿದರೆ, ಕಾಯಿಸದೆ ಟೆಸ್ಟ್ ಮುಗಿಸಿಕೊಡುತ್ತೇವೆ.

ಇಂತಿ,
ನಿಮ್ಮ ಗ್ಯಾರೇಜಿನ ಬಳಗ