‘ಸರ್ವರ್ ಡೌನ್’ ಫಲಕದ ಹಿಂದಿರುವ ಸ್ವಿಚ್ಚು: ಹಾಸನದ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ನಮಸ್ಕಾರಗಳು.

ನಾನು ಸಕಲೇಶಪುರ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ತೋಟಕ್ಕೆ ಮರಳುವ ಮೊದಲು 31 ವರ್ಷ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ದುಡಿದೆ. ಅದರಲ್ಲಿ ಕೊನೆಯ 12 ವರ್ಷ ಕಂಪ್ಯೂಟರ್ ಜಾಲದ ಸ್ವಿಚ್ಚುಗಳನ್ನು, ಅಂದರೆ ಕಚೇರಿಯ ಕಂಪ್ಯೂಟರುಗಳ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಗಳನ್ನು, ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ತಮ್ಮಲ್ಲಿ ನಾನು ಕೇಳುವುದು ಒಂದೇ ಕೆಲಸ: ಜಿಲ್ಲೆಯ ಪ್ರತಿಯೊಂದು ಸರ್ಕಾರಿ ಕಚೇರಿಯ ಸ್ವಿಚ್ಚಿನಲ್ಲಿ, ಬ್ರಾಡ್‌ಕಾಸ್ಟ್ ದಟ್ಟಣೆಗೆ, ಅಂದರೆ ಜಾಲದ ಎಲ್ಲ ಕಂಪ್ಯೂಟರುಗಳಿಗೂ ಒಟ್ಟಿಗೆ ಹೋಗುವ ಸಂದೇಶಗಳಿಗೆ, ಮಿತಿ ಹಾಕುವ ‘ಸ್ಟಾರ್ಮ್ ಕಂಟ್ರೋಲ್’ ಎಂಬ ವ್ಯವಸ್ಥೆಯನ್ನು ಚಾಲೂ ಮಾಡಿಸಿ. ಇಷ್ಟು ಸಣ್ಣ ವಿಷಯಕ್ಕೆ ಜಿಲ್ಲಾಧಿಕಾರಿಗಳಿಗೇ ಬರೆಯಬೇಕೇ ಎಂದು ತಮಗೆ ಅನ್ನಿಸಬಹುದು. ಹದಿನಾಲ್ಕು ತಿಂಗಳು ನಾನೂ ಹಾಗೆಯೇ ಅಂದುಕೊಂಡು ಸುಮ್ಮನಿದ್ದೆ.

ತಂದೆಯವರು ತೀರಿಕೊಂಡ ಮೇಲೆ ಎರಡೂವರೆ ಎಕರೆ ತೋಟದ ಪೌತಿ ಖಾತೆಗಾಗಿ ಅರ್ಜಿ ಕೊಟ್ಟೆ. ಪಹಣಿಯಲ್ಲಿ ಹೆಸರು ಬದಲಾಗದೆ ಬೆಳೆಸಾಲಕ್ಕೆ ಬ್ಯಾಂಕಿನವರು ಕಾಗದ ಮುಟ್ಟುವುದಿಲ್ಲ ಎಂಬುದನ್ನು ತಾವು ಬಲ್ಲಿರಿ. ಅಂದಿನಿಂದ 11 ಸಲ ಆ ಕಚೇರಿಯ ಮೆಟ್ಟಿಲು ಹತ್ತಿದ್ದೇನೆ, ಅದರಲ್ಲಿ 7 ಸಲ ಸಿಕ್ಕ ಉತ್ತರ ‘ಸರ್ವರ್ ಡೌನ್’ ಎಂಬ ಎರಡೇ ಪದ. ಕಚೇರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅಲ್ಲಿನ ಸಿಬ್ಬಂದಿಯೂ ನಮ್ಮ ಹಾಗೆಯೇ ನೆಟ್ ಬರಲಿ ಎಂದು ಕಾದು ಕೂತವರು, ಮೇಲಾಗಿ ದಿನವಿಡೀ ಜನರ ಬೈಗುಳ ತಿಂದವರು.

ಎಂಟನೆಯ ಸಲದ ದಿನವನ್ನು ಮಾತ್ರ ವಿವರವಾಗಿ ಹೇಳಲೇಬೇಕು. ಆಶ್ಲೇಷಾ ಮಳೆ ಬಿಡದೆ ಹೊಯ್ಯುತ್ತಿತ್ತು. ತಾಯಿಯವರು ಖುದ್ದಾಗಿ ಬಂದು ಬೆರಳಚ್ಚು ಕೊಡಬೇಕೆಂದು ಹೇಳಿ ಕಳುಹಿಸಿದ್ದರು. ಅವರಿಗೆ 84 ವರ್ಷ, ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ಒಬ್ಬರ ಆಸರೆಯಿಲ್ಲದೆ ಹೆಜ್ಜೆ ಇಡಲಾರರು. ದಾರಿಯಲ್ಲಿ ಆನೆಗಳಿವೆ ಎಂದು ಹಿಂದಿನ ರಾತ್ರಿಯೇ ಸುದ್ದಿ ಬಂದಿದ್ದರಿಂದ ಚೆನ್ನಾಗಿ ಬೆಳಕಾಗುವವರೆಗೆ ಹೊರಡುವಂತಿರಲಿಲ್ಲ. ಬಸ್ಸು ತಪ್ಪಿತು. 1,800 ರೂಪಾಯಿ ಬಾಡಿಗೆಯ ಜೀಪಿನಲ್ಲಿ ಅವರನ್ನು ಕೂರಿಸಿಕೊಂಡು ಹತ್ತೂವರೆಗೆ ತಲುಪಿದಾಗ ಕಿಟಕಿಯ ಮೇಲೆ ಅದೇ ಫಲಕವಿತ್ತು. ಅವರ ಸೀರೆಯ ಅಂಚು ಮೊಣಕಾಲಿನವರೆಗೆ ನೆನೆದಿತ್ತು. ಸಕ್ಕರೆ ಕಾಯಿಲೆಯವರಾದ್ದರಿಂದ ಹೊತ್ತಿಗೆ ಸರಿಯಾಗಿ ಊಟ ಬೇಕು, ಆದರೆ ಹೆಸರು ಕರೆದುಬಿಟ್ಟರೆ ಎಂಬ ಭಯದಿಂದ ಬೆಂಚು ಬಿಟ್ಟು ಏಳಲು ಒಪ್ಪಲಿಲ್ಲ.

ಕೂತಲ್ಲಿಂದಲೇ ನನಗೆ ಮೂಲೆಯ ಗೋಡೆಯಲ್ಲಿದ್ದ 24 ಪೋರ್ಟಿನ, ಅಂದರೆ ಕೇಬಲ್ ಸಿಕ್ಕಿಸುವ 24 ತೂತುಗಳ, ಸ್ವಿಚ್ಚು ಕಾಣುತ್ತಿತ್ತು. ಸಂಪರ್ಕ ಸತ್ತಿದ್ದರೆ ಅದರ ದೀಪಗಳು ತಣ್ಣಗಿರಬೇಕಿತ್ತು. ಇವು ಎಲ್ಲವೂ ಒಟ್ಟಿಗೆ, ಒಂದೇ ಲಯದಲ್ಲಿ, ಒಂದು ಕ್ಷಣವೂ ನಿಲ್ಲದೆ ಮಿಣುಕುತ್ತಿದ್ದವು. ನನ್ನ ಕಸುಬಿನಲ್ಲಿದ್ದ ಯಾರಿಗೇ ಆದರೂ ಅದು ಏನೆಂದು ದೂರದಿಂದಲೇ ತಿಳಿಯುತ್ತದೆ. ಒಳಗೆ ಹೋಗಿ, ಇದು ಸರ್ವರಿನ ತೊಂದರೆಯಲ್ಲ, ಕಚೇರಿಯೊಳಗೇ ಎಲ್ಲೋ ಕೇಬಲ್ ಸುತ್ತಿ ಬಂದು ಲೂಪ್ ಆಗಿದೆ ಎಂದೆ. ಅದು ನಿಮಗೆ ಸಂಬಂಧಿಸಿದ್ದಲ್ಲ, ಹೊರಗೆ ಕೂತುಕೊಳ್ಳಿ ಎಂದರು. ಮತ್ತೊಮ್ಮೆ ಹೋದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೊನೆಗೆ ಮೂರೂವರೆಯ ಹೊತ್ತಿಗೆ ಒಬ್ಬ ಗುತ್ತಿಗೆ ಹುಡುಗ ಕನಿಕರಪಟ್ಟು ಮೇಜಿನ ಕೆಳಗೆ ಬಗ್ಗಿ ನೋಡಲು ಬಿಟ್ಟ. ಅಲ್ಲಿ ಧೂಳಿನ ನಡುವೆ ಐದು ಪೋರ್ಟಿನ ಒಂದು ಸಣ್ಣ ಸ್ವಿಚ್ಚಿತ್ತು, ಹಳದಿ ಕೇಬಲ್ ಒಂದರ ಎರಡೂ ತುದಿಗಳು ಅದಕ್ಕೇ ಸಿಕ್ಕಿಸಿಕೊಂಡಿದ್ದವು. ಕಸ ಗುಡಿಸುವಾಗ ಬಿದ್ದಿದ್ದ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಖಾಲಿ ಕಂಡ ತೂತಿಗೆ ಚುಚ್ಚಿರಬೇಕು. ಹುಡುಗ ಒಂದು ತುದಿಯನ್ನು ಕಿತ್ತ. ಹತ್ತು ಎಣಿಸುವುದರೊಳಗೆ ಗೋಡೆಯ ದೀಪಗಳು ಶಾಂತವಾದವು, ಬೆಳಿಗ್ಗೆಯಿಂದ ಸುಮ್ಮನಿದ್ದ ಪ್ರಿಂಟರು ಸದ್ದು ಮಾಡಿತು.

ಆದರೆ ನಮ್ಮ ಅರ್ಜಿ ನೋಡಬೇಕಾದ ಅಧಿಕಾರಿ ಆ ಹೊತ್ತಿಗೆ ಸಭೆಗೆ ಹೊರಟುಹೋಗಿದ್ದರು, ಮುಂದಿನ ವಾರ ಬನ್ನಿ ಎಂಬ ಉತ್ತರ ಬಂತು. ಹಿಂದಿರುಗುವಾಗ ಜೀಪಿನಲ್ಲಿ ತಾಯಿಯವರು ಹೇಳಿದ್ದು ಒಂದೇ ಮಾತು: “ಇನ್ನು ನನ್ನನ್ನು ಕರೆತರಬೇಡ, ನಾನು ಹೋದ ಮೇಲೆ ಇಬ್ಬರದ್ದೂ ಒಟ್ಟಿಗೇ ಬರೆಸಿಕೋ.” ಒಂದು ಮೊಳ ಕೇಬಲ್ಲಿಗಾಗಿ ನನ್ನ ತಾಯಿ ಈ ಮಾತನ್ನು ಆಡಬೇಕಾಯಿತು, ಸ್ವಾಮಿ. ಎರಡು ವಾರದ ಬಳಿಕ ಒಂಬತ್ತನೆಯ ಸಲ ಹೋದಾಗ ಅದೇ ಫಲಕ ಮತ್ತೆ ತೂಗುತ್ತಿತ್ತು, ಗೋಡೆಯ ದೀಪಗಳೂ ಹಿಂದಿನಂತೆಯೇ ಮಿಣುಕುತ್ತಿದ್ದವು.

ಇದರ ಕಾರಣ ತಮ್ಮ ತಾಂತ್ರಿಕ ಅಧಿಕಾರಿಗಳಿಗೆ ತಿಳಿಯದ್ದಲ್ಲ, ಆದರೂ ಓದುಗರಿಗಾಗಿ ಹೇಳುತ್ತೇನೆ. ಒಂದು ಫ್ರೇಮ್, ಅಂದರೆ ಜಾಲದಲ್ಲಿ ಸಾಗುವ ಮಾಹಿತಿಯ ಒಂದು ಕಟ್ಟು, ತಲುಪಬೇಕಾದ ವಿಳಾಸವು ಯಾವ ಪೋರ್ಟಿನ ಕಡೆಗಿದೆ ಎಂದು ತನ್ನ ಪಟ್ಟಿಯಲ್ಲಿದ್ದರೆ ಸ್ವಿಚ್ಚು ಅದನ್ನು ಅಲ್ಲಿಗೆ ಮಾತ್ರ ಕಳುಹಿಸುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ, ಅಥವಾ ಆ ಫ್ರೇಮು ಎಲ್ಲರಿಗೂ ಉದ್ದೇಶಿಸಿದ ಬ್ರಾಡ್‌ಕಾಸ್ಟ್ ಆಗಿದ್ದರೆ, ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಹರಿಯಬಿಡುತ್ತದೆ. ಈ ಐಪಿ ವಿಳಾಸ ಯಾರದು ಎಂದು ಕೇಳುವ ಎಆರ್‌ಪಿ, ತನಗೊಂದು ವಿಳಾಸ ಕೊಡಿ ಎಂದು ಬೇಡುವ ಡಿಎಚ್‌ಸಿಪಿ ಇವೆಲ್ಲ ಹೀಗೆ ಎಲ್ಲರ ಬಾಗಿಲು ತಟ್ಟಿಯೇ ಕೆಲಸ ಮಾಡುವುದರಿಂದ ಬ್ರಾಡ್‌ಕಾಸ್ಟನ್ನು ಪೂರ್ತಿ ನಿಲ್ಲಿಸುವಂತಿಲ್ಲ. ಒಂದು ಜಾಲದಿಂದ ಇನ್ನೊಂದಕ್ಕೆ ಹೋಗುವ ಐಪಿ ಪ್ಯಾಕೆಟ್ಟಿಗೆ, ಜಾಲಗಳನ್ನು ಜೋಡಿಸುವ ರೂಟರ್ ದಾಟಿದಂತೆಲ್ಲ ಕಡಿಮೆಯಾಗುವ ಆಯುಸ್ಸಿನ ಎಣಿಕೆಯೊಂದಿದೆ, ಕಚೇರಿಯೊಳಗಿನ ಕೇಬಲ್ಲಿನಲ್ಲಿ ಓಡುವ ಈಥರ್‌ನೆಟ್ ಫ್ರೇಮಿಗೆ ಅದಿಲ್ಲ. ಆದ್ದರಿಂದ ಲೂಪಿಗೆ ಸಿಕ್ಕ ಬ್ರಾಡ್‌ಕಾಸ್ಟ್ ಫ್ರೇಮು ಸಾಯುವುದೇ ಇಲ್ಲ, ಸುತ್ತುತ್ತಲೇ ಇದ್ದು ಸುತ್ತು ಸುತ್ತಿಗೂ ಎಲ್ಲ ಪೋರ್ಟುಗಳಿಗೆ ತನ್ನ ನಕಲನ್ನು ತಳ್ಳುತ್ತದೆ. 1 ಗಿಗಾಬಿಟ್ ಪೋರ್ಟಿನಲ್ಲಿ 64 ಬೈಟಿನ ಸಣ್ಣ ಫ್ರೇಮುಗಳು ಸೆಕೆಂಡಿಗೆ 14,88,095ರವರೆಗೆ ಹೋಗಬಲ್ಲವು. ಕಚೇರಿಯ ಪ್ರತಿಯೊಂದು ಕಂಪ್ಯೂಟರೂ ಆ ಪ್ರವಾಹದಲ್ಲಿ ತನ್ನ ಪಾಲಿಗೆ ಬಂದುದನ್ನೆಲ್ಲ ಬಿಚ್ಚಿ ನೋಡಬೇಕಾಗುತ್ತದೆ. ಬೆಂಗಳೂರಿನ ಸರ್ವರು ಚೆನ್ನಾಗಿಯೇ ಇರುತ್ತದೆ, ಅದರ ಬಳಿಗೆ ಹೋಗುವ ದಾರಿಯೇ ನಮ್ಮ ಮೇಜಿನ ಕೆಳಗೆ ಮುಚ್ಚಿರುತ್ತದೆ.

ಗೊರೂರಿನ ಹೇಮಾವತಿ ಜಲಾಶಯದಲ್ಲಿ ನೀರು 2,922 ಅಡಿಯ ಗರಿಷ್ಠ ಮಟ್ಟವನ್ನು ಮೀರಲು ನಮ್ಮ ಎಂಜಿನಿಯರುಗಳು ಬಿಡುವುದಿಲ್ಲ, ಅಳತೆ ಇಟ್ಟು ಕಾಯುತ್ತಾರೆ. ಸ್ಟಾರ್ಮ್ ಕಂಟ್ರೋಲ್ ಮಾಡುವುದೂ ಅಳತೆ ಇಟ್ಟು ಕಾಯುವ ಕೆಲಸವನ್ನೇ. ಒಂದು ಪೋರ್ಟಿನಿಂದ ಒಳಬರುವ ಬ್ರಾಡ್‌ಕಾಸ್ಟ್, ಒಂದು ಗುಂಪಿಗೆ ಹೋಗುವ ಮಲ್ಟಿಕಾಸ್ಟ್ ಮತ್ತು ಒಬ್ಬರಿಗೇ ಹೋಗಬೇಕಾದರೂ ವಿಳಾಸ ಪಟ್ಟಿಯಲ್ಲಿಲ್ಲದ ಯುನಿಕಾಸ್ಟ್ ದಟ್ಟಣೆಯನ್ನು ಅದು ಅಳೆಯುತ್ತಿರುತ್ತದೆ, ಮಿತಿ ದಾಟಿದ್ದನ್ನು ಅಲ್ಲಿಯೇ ಬಿಸಾಡುತ್ತದೆ, ಹೇಳಿಟ್ಟರೆ ಆ ಪೋರ್ಟನ್ನೇ ಮುಚ್ಚಿ ನಿರ್ವಾಹಕರಿಗೆ ಸುದ್ದಿ ಮುಟ್ಟಿಸುತ್ತದೆ. ಗೋಡೆಯ ಸ್ವಿಚ್ಚಿನಲ್ಲಿ ಇದು ಚಾಲೂ ಇದ್ದಿದ್ದರೆ ಅಂದು ಒಂದು ಮೇಜಿನ ಕೆಲಸ ನಿಲ್ಲುತ್ತಿತ್ತೇ ಹೊರತು ಇಡೀ ಕಚೇರಿಯದ್ದಲ್ಲ. ಸಿಸ್ಕೋ ಕ್ಯಾಟಲಿಸ್ಟ್ ಸೇರಿದಂತೆ ನಾನು ಕೈಯಾಡಿಸಿದ ಎಷ್ಟೋ ಸ್ವಿಚ್ಚುಗಳಲ್ಲಿ ಈ ಸೌಲಭ್ಯ ಮೊದಲಿನಿಂದಲೇ ಇರುತ್ತದೆ, ಆದರೆ ಯಾರಾದರೂ ಆದೇಶ ಕೊಡುವವರೆಗೆ ಮಲಗಿರುತ್ತದೆ. ದುಡ್ಡು ಕೊಟ್ಟು ತಂದಿಟ್ಟ ಬೀಗವನ್ನು ಹಾಕದೆ ಬಾಗಿಲು ತೆರೆದಿಟ್ಟ ಹಾಗಿದೆ ನಮ್ಮ ಸ್ಥಿತಿ. ದಯವಿಟ್ಟು ಅದನ್ನು ಚಾಲೂ ಮಾಡಿಸಿ.

ಲೂಪ್ ತಡೆಯಲು, ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಸುತ್ತಿ ಬರುವ ದಾರಿಯನ್ನು ಮುಚ್ಚುವ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನ ಇದೆಯಲ್ಲ ಎಂದು ತಾಂತ್ರಿಕ ಅಧಿಕಾರಿಗಳು ತಮಗೆ ಹೇಳಬಹುದು. ಇದೆ. ರೇಡಿಯಾ ಪರ್ಲ್‌ಮನ್ ಎಂಬ ಎಂಜಿನಿಯರ್ ಅದನ್ನು 1985ರಲ್ಲಿ ರೂಪಿಸಿದರು, 1990ರಲ್ಲಿ ಅದು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 802.1ಡಿ ಮಾನಕವಾಯಿತು. ಆದರೆ ಅಂಗಡಿಯಲ್ಲಿ ಸಿಗುವ ಐದು ಪೋರ್ಟಿನ ಅಗ್ಗದ ಸ್ವಿಚ್ಚಿಗೆ ಆ ಭಾಷೆಯೇ ತಿಳಿಯದು, ಮತ್ತು ನಮ್ಮ ಕಚೇರಿಗಳ ಮೇಜಿನ ಕೆಳಗೆಲ್ಲ ಇರುವುದು ಅಂಥವೇ. ಎರಡೂ ಇರಬೇಕು. ಮಿತಿಯನ್ನು ಎಷ್ಟಕ್ಕೆ ಇಡಬೇಕೆಂಬುದನ್ನು ಒಂದು ವಾರದ ಸಹಜ ದಟ್ಟಣೆಯನ್ನು ಅಳೆದು ನಿರ್ಧರಿಸಬೇಕು, ಕಣ್ಣು ಮುಚ್ಚಿ ತೀರಾ ಕೆಳಗಿಟ್ಟರೆ ನ್ಯಾಯವಾದ ಎಆರ್‌ಪಿ ಕೂಡ ಸತ್ತು ಹೊಸ ತೊಂದರೆ ಹುಟ್ಟುತ್ತದೆ. 1 ಗಿಗಾಬಿಟ್ ಪೋರ್ಟಿನಲ್ಲಿ ಶೇ. 1 ಎಂದರೆ 10 ಮೆಗಾಬಿಟ್, ಇಪ್ಪತ್ತು ಕಂಪ್ಯೂಟರುಗಳ ಕಚೇರಿಯ ಬ್ರಾಡ್‌ಕಾಸ್ಟಿಗೆ ಅದು ಧಾರಾಳವಾಯಿತು.

ಇದು ಹಳ್ಳಿಗಾಡಿನ ಕಚೇರಿಗಳ ಪಾಡು ಮಾತ್ರ ಎಂದು ಭಾವಿಸಬಾರದು. 2002ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಎಂಬ ದೊಡ್ಡ ಆಸ್ಪತ್ರೆಯ ಜಾಲ, ಸ್ಪ್ಯಾನಿಂಗ್ ಟ್ರೀಯ ಮಿತಿ ಮೀರಿ ಬೆಳೆದು, ದಟ್ಟಣೆ ತಡೆಯಲಾರದೆ ಕುಸಿದಾಗ ನಾಲ್ಕು ದಿನಗಳ ಕಾಲ ವೈದ್ಯರು ಕಾಗದ, ಪೆನ್ನು ಹಿಡಿಯಬೇಕಾಯಿತು. ಅವರು ತಪ್ಪನ್ನು ಮುಚ್ಚಿಡಲಿಲ್ಲ, ಎಲ್ಲರ ಮುಂದೆ ಹೇಳಿಕೊಂಡರು, ಜಾಲವನ್ನು ಹೊಸದಾಗಿ ಕಟ್ಟಿದರು. ನಮ್ಮಲ್ಲಿ ಫಲಕ ತೂಗುಹಾಕುತ್ತಾರೆ.

ಸಕಾಲ ಅಧಿನಿಯಮದ ವಿಚಾರವನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ನನ್ನ ಒಂದು ದಿನದ ಜೀಪಿನ ಬಾಡಿಗೆಯೇ ಅದರ ಮೂರೂವರೆ ಪಟ್ಟಿನಷ್ಟಾಯಿತು. ನನಗೆ ಆ ಹಣ ಬೇಡ. ಆ ಕಚೇರಿಯಲ್ಲಿ ಎಷ್ಟು ಸ್ವಿಚ್ಚುಗಳಿವೆ, ಎಷ್ಟರಲ್ಲಿ ಸ್ಟಾರ್ಮ್ ಕಂಟ್ರೋಲ್ ಚಾಲೂ ಇದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಮೂವತ್ತನೆಯ ದಿನ ಬಂದ ಉತ್ತರದಲ್ಲಿ ‘ಮಾಹಿತಿ ಲಭ್ಯವಿರುವುದಿಲ್ಲ’ ಎಂಬ ಒಂದೇ ಸಾಲಿತ್ತು. ತನ್ನ ಗೋಡೆಯ ಮೇಲೆ ಏನಿದೆಯೆಂದು ತನಗೇ ಗೊತ್ತಿಲ್ಲದ ಕಚೇರಿ, ನನ್ನ ತೋಟ ಯಾರದೆಂದು ಬರೆದಿಡುವ ಕಚೇರಿ.

ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ. ಜಿಲ್ಲೆಯ ಎಲ್ಲ ಸರ್ಕಾರಿ ಕಚೇರಿಗಳ ಸ್ವಿಚ್ಚುಗಳಲ್ಲಿ ಸ್ಟಾರ್ಮ್ ಕಂಟ್ರೋಲ್ ಚಾಲೂ ಮಾಡಬೇಕೆಂದು ಲಿಖಿತ ಆದೇಶ ಹೊರಡಿಸಿ, ಮೇಜಿನ ಕೆಳಗಿನ ಅಗ್ಗದ ಸ್ವಿಚ್ಚುಗಳನ್ನು ತೆಗೆಸಿ, ಸೌಲಭ್ಯವೇ ಇಲ್ಲದ ಸ್ವಿಚ್ಚುಗಳನ್ನು ಬದಲಾಯಿಸಿ. ಮಾಡುವವರಿಲ್ಲ ಎಂಬ ಉತ್ತರ ಬರುವುದಾದರೆ ಕಾಫಿ ಕುಯಿಲು ಶುರುವಾಗುವ ಮುಂಚೆ ನಾನೇ ಬರುತ್ತೇನೆ, ಒಂದೊಂದು ತಾಲ್ಲೂಕಿಗೆ ಒಂದೊಂದು ವಾರ ಕೊಡುತ್ತೇನೆ. ಸಂಬಳ ಬೇಡ, ಒಳಗೆ ಹೋಗಲು ತಮ್ಮ ಸಹಿಯ ಒಂದು ಅನುಮತಿ ಪತ್ರ ಸಾಕು.

ಪೌತಿ ಖಾತೆಗಾಗಿ ನನಗೆ ಮುಂದಿನ ಸೋಮವಾರ ಬರಲು ಹೇಳಿದ್ದಾರೆ. ತಾಯಿಯವರು ಇನ್ನೂ ಬರಲು ಒಪ್ಪಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ